‘ವೈ’ ಆಕಾರದ ನಾಯಿ ಹಾರ್ನೆಸ್: ಲ್ಯಾಬಿಗೆ ಸೈ, ಗಿಡ್ಡ ಕಾಲಿನವಳಿಗೆ ಕಷ್ಟ

ಮೊದಲೇ ಹೇಳಿಬಿಡುತ್ತೇನೆ, ಈ ಹಾರ್ನೆಸ್ (ಕತ್ತಿನ ಕಾಲರ್ ಬದಲು ನಾಯಿಯ ಎದೆ-ಬೆನ್ನಿಗೆ ತೊಡಿಸುವ ಪಟ್ಟಿಗಳು) ಕೆಟ್ಟದ್ದಲ್ಲ. ಹೊಲಿಗೆ ಗಟ್ಟಿ ಇದೆ, ಬಕಲ್ ಗಟ್ಟಿ ಇದೆ, ಒಳಗಿನ ಮೆತ್ತೆ ಒದ್ದೆಯಾದರೂ ಬೇಗ ಒಣಗುತ್ತದೆ. ನಾಲ್ಕು ಕಡೆ ಸಡಿಲ-ಬಿಗಿ ಮಾಡಬಹುದು. ಬೆನ್ನ ಮೇಲೊಂದು, ಎದೆಯ ಮುಂದೊಂದು ಲೀಶ್ (ನಾವು ಹಿಡಿಯುವ ಹಗ್ಗ) ಸಿಕ್ಕಿಸುವ ಉಂಗುರ. ಬೆನ್ನಿನ ಮೇಲೆ ದಪ್ಪ ಹಿಡಿಕೆ. ಎಲ್ಲಾ ಸರಿ. ಆದರೆ ಡಬ್ಬಿಯ ಮೇಲೆ ‘ಎಲ್ಲಾ ತಳಿಗೂ ಸರಿಹೊಂದುತ್ತದೆ, ಹೆಗಲಿಗೆ ಪೂರ್ತಿ ಸ್ವಾತಂತ್ರ್ಯ’ ಅಂತ ಬರೆದಿದ್ದಾರಲ್ಲ, ನನ್ನ ತಕರಾರು ಆ ಮಾತಿನ ಮೇಲೆ. ಕಂಪನಿಯ ಹೆಸರು ಬೇಡ, ಯಾಕೆಂದರೆ ಇದೇ ಮಾತನ್ನು ಹತ್ತಾರು ಕಂಪನಿಗಳು ಹೇಳುತ್ತವೆ, ಇದೇ ವಿನ್ಯಾಸವನ್ನು ಬಣ್ಣ ಬದಲಿಸಿ ಮಾರುತ್ತವೆ.

ಸೈಜ್ ಚಾರ್ಟ್ ನೋಡಿದರೆ ಸಮಸ್ಯೆ ಎಲ್ಲಿಂದ ಶುರು ಅಂತ ಗೊತ್ತಾಗುತ್ತದೆ. ಅದರಲ್ಲಿ ಇರುವುದು ತೂಕ ಮಾತ್ರ. ಇಷ್ಟು ಕೆಜಿಯಿಂದ ಇಷ್ಟು ಕೆಜಿಗೆ ಸ್ಮಾಲ್, ಇಷ್ಟಕ್ಕೆ ಲಾರ್ಜ್. ನಮ್ಮ ಮನೆಯ ಡ್ಯಾಶ್‌ಹೌಂಡ್ ಚಿನ್ನು, ಗೆಳತಿಯ ಪಗ್ ಗುಂಡ, ಇಬ್ಬರೂ ಹೆಚ್ಚು ಕಡಿಮೆ 9 ಕೆಜಿ (ಗುಂಡನ 9ರಲ್ಲಿ ಒಂದೂವರೆ ಕೆಜಿ ಬರೀ ಮುದ್ದಿನದ್ದು, ಇರಲಿ). ತಮ್ಮನ ಲ್ಯಾಬ್ರಡಾರ್ ಭೀಮ, ನಮ್ಮ ಓಣಿಯವರು ಸಾಕಿರುವ ಗ್ರೇಹೌಂಡ್ ಮಿಂಚು, ಇಬ್ಬರೂ 30ರ ಆಸುಪಾಸು. ಚಾರ್ಟ್ ಪ್ರಕಾರ ನಾಲ್ಕು ನಾಯಿಗೆ ಎರಡೇ ಸೈಜ್ ಸಾಕು. ಈಗ ನೀವೇ ಕಣ್ಣು ಮುಚ್ಚಿ ಒಂದು ಪಗ್ಗನ್ನೂ ಒಂದು ಡ್ಯಾಶ್‌ಹೌಂಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ. ಒಂದೇ ಅಂಗಿ ಇಬ್ಬರಿಗೂ ಆಗುತ್ತಾ?

ನಾಲ್ವರಿಗೂ ಹಾಕಿ, ನಡೆಸಿ, ಓಡಿಸಿ, ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಹಿಡಿದು ನೋಡಿದ ಮೇಲೆ ಬರೆಯುತ್ತಿರುವುದು ಇದು. ನಿಂತ ನಾಯಿಯ ಮೇಲೆ ಎಲ್ಲಾ ಹಾರ್ನೆಸ್ಸೂ ಚೆಂದ ಕಾಣುತ್ತವೆ. ಜಾಹೀರಾತಿನ ಫೋಟೋದಲ್ಲಿ ನಾಯಿ ಯಾವಾಗಲೂ ನಿಂತೇ ಇರುವುದು ಸುಮ್ನೆ ಅಲ್ಲ.

ಸ್ವಲ್ಪ ಮೂಳೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ನಾಯಿಗೆ ನಮ್ಮ ಹಾಗೆ ಕೆಲಸಕ್ಕೆ ಬರುವ ಕಾಲರ್ ಬೋನ್ ಇಲ್ಲ. ಮುಂಗಾಲಿಗೂ ಉಳಿದ ಅಸ್ಥಿಪಂಜರಕ್ಕೂ ಮೂಳೆಗೆ ಮೂಳೆ ಸೇರುವ ಕೀಲೇ ಇಲ್ಲ. ಎರಡು ಹೆಗಲ ಮೂಳೆಗಳ ನಡುವೆ ಇಡೀ ಎದೆಗೂಡು ಸ್ನಾಯುಗಳ ತೊಟ್ಟಿಲಲ್ಲಿ ಮಲಗಿದ ಹಾಗೆ ತೂಗುತ್ತಿರುತ್ತದೆ. ನಿಂತಾಗ ದೇಹದ ತೂಕದಲ್ಲಿ ಸುಮಾರು ಶೇ 60 ಮುಂಗಾಲಿನ ಮೇಲೆ, ಉಳಿದದ್ದು ಹಿಂಗಾಲಿನ ಮೇಲೆ. ಹೆಜ್ಜೆ ಇಡುವಾಗ ಹೆಗಲ ಮೂಳೆಯೇ ಪಕ್ಕೆಲುಬಿನ ಮೇಲೆ ಜಾರಿ, ಮೇಲಂಚಿನ ಹತ್ತಿರ ತಿರುಗುತ್ತದೆ. ಜರ್ಮನಿಯ ಯೇನಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಫಿಷರ್ ತಂಡದವರು 30ಕ್ಕೂ ಹೆಚ್ಚು ತಳಿಯ 300ಕ್ಕೂ ಹೆಚ್ಚು ನಾಯಿಗಳನ್ನು ನಡೆಸಿ ಓಡಿಸಿ ಅಳೆದಾಗ ಒತ್ತಿ ಹೇಳಿದ್ದು ಇದನ್ನೇ. ಮುಂಗಾಲು ಶುರುವಾಗುವುದು ನಾವು ಭುಜ ಅಂದುಕೊಂಡ ಜಾಗದಲ್ಲಲ್ಲ, ಅದಕ್ಕಿಂತ ಬಹಳ ಮೇಲೆ, ಹೆಗಲ ಮೂಳೆಯ ತುದಿಯಲ್ಲಿ. ಹೆಜ್ಜೆಯ ಉದ್ದದಲ್ಲಿ ದೊಡ್ಡ ಪಾಲು ಬರುವುದು ಈ ಮೂಳೆಯ ಓಡಾಟದಿಂದ. ಅಂದಮೇಲೆ ಹಾರ್ನೆಸ್ ಪಟ್ಟಿ ಕೂರುವುದು ಎಲ್ಲಿ? ಸರಿಯಾಗಿ ಆ ಓಡಾಟದ ದಾರಿಯಲ್ಲಿ.

‘ವೈ’ ಆಕಾರದ ಲೆಕ್ಕಾಚಾರ ಒಳ್ಳೆಯದೇ. ಹಳೇ ಮಾದರಿಯಲ್ಲಿ ಒಂದು ಪಟ್ಟಿ ಎದೆಗೆ ಅಡ್ಡಲಾಗಿ ಎರಡೂ ತೋಳಿನ ಮೇಲೆ ಹಾದುಹೋಗುತ್ತದೆ. ಇದರಲ್ಲಿ ಎರಡು ಪಟ್ಟಿ ಕುತ್ತಿಗೆಯ ಎರಡೂ ಬದಿಯಿಂದ ಇಳಿದು, ಎದೆಮೂಳೆಯ ಮುಂದಿನ ತುದಿಯಲ್ಲಿ ಸೇರಿ, ಒಂದೇ ಪಟ್ಟಿಯಾಗಿ ಮುಂಗಾಲುಗಳ ನಡುವೆ ಹಿಂದಕ್ಕೆ ಹೋಗಿ, ಎದೆಯನ್ನು ಸುತ್ತುವ ಪಟ್ಟಿಗೆ ಸೇರುತ್ತದೆ. ಆ ಮೂರು ಪಟ್ಟಿ ಸೇರುವ ಜಾಗ ಎದೆಮೂಳೆಯ ತುದಿಯ ಮೇಲೇ ಕೂತರೆ ತೋಳು ಆರಾಮಾಗಿ ಮುಂದೆ ಬರುತ್ತದೆ. ಒಂದೆರಡು ಬೆರಳು ಕೆಳಗಿಳಿದರೆ ಬದಿಯ ಪಟ್ಟಿಗಳು ಹೊರಕ್ಕೆ ಅಗಲವಾಗಿ ತೋಳಿನ ಕೀಲಿನ ಮೇಲೇ ಬರುತ್ತವೆ. ಆಗ ಹೆಸರಿಗೆ ‘ವೈ’, ಮಾಡುವ ಕೆಲಸ ಅಡ್ಡಪಟ್ಟಿಯದ್ದು. ಮೇಲೆ ಹೋದರೆ ಗಂಟಲು ಒತ್ತುತ್ತದೆ.

ಭೀಮನಿಗೆ ಇದು ಬಹಳ ಚೆನ್ನಾಗಿ ಕೂತಿತು. ಲ್ಯಾಬ್ ದೇಹವೇ ಮಧ್ಯಮ. ಉದ್ದವೂ ಅತಿಯಿಲ್ಲ, ಕಾಲೂ ಗಿಡ್ಡವಲ್ಲ, ಎದೆ ದುಂಡಗೆ ಆಳವಾಗಿ ಇದೆ, ಕುತ್ತಿಗೆ ದಪ್ಪ. ಹಾರ್ನೆಸ್ ಕತ್ತರಿಸಿದವರ ಕಣ್ಣಮುಂದೆ ಇದ್ದದ್ದು ಇಂಥದೇ ಒಂದು ನಾಯಿ ಅಂತ ನನಗೆ ಖಾತ್ರಿ. ಸುತ್ತುಪಟ್ಟಿ ಮುಂಗಾಲಿನ ಮೊಣಕೈಯಿಂದ ನಾಲ್ಕು ಬೆರಳು ಹಿಂದೆ ಕೂತಿತು, ಕಂಕುಳು ಉಜ್ಜಲಿಲ್ಲ.

ಆದರೂ ಒಂದು ವಿಷಯ ಗಮನಿಸಿದೆ. ತಮ್ಮ ಮೊದಲು ಪಟ್ಟಿಗಳನ್ನು ಚೆನ್ನಾಗಿ ಬಿಗಿದಿದ್ದ, ಜಾರಬಾರದು ಅಂತ. ಹಾಗೆ ಬಿಗಿದಾಗ ಭೀಮ ಒಂದು ಬದಿಯ ಎರಡೂ ಕಾಲು ಒಟ್ಟಿಗೆ ಎತ್ತಿ ಒಟ್ಟಿಗೆ ಇಡುತ್ತಾ ಅತ್ತಿತ್ತ ವಾಲಾಡುತ್ತಾ ನಡೆಯುತ್ತಿದ್ದ. ಇದಕ್ಕೆ ನಾಯಿ ಸಾಕುವವರು ಪೇಸಿಂಗ್ ಅಂತಾರೆ. ಸುಸ್ತಾದ ನಾಯಿ, ದಪ್ಪಗಾದ ನಾಯಿ, ನೋವಿರುವ ನಾಯಿ, ಉದ್ದ ಕಾಲು ಗಿಡ್ಡ ಬೆನ್ನಿನ ನಾಯಿ ಹೀಗೆ ನಡೆಯುವುದುಂಟು. ಕೆಲವಕ್ಕೆ ಅದು ಸುಮ್ನೆ ಅಭ್ಯಾಸ. ಪಟ್ಟಿ ಎರಡು ಬೆರಳು ನುಸುಳುವಷ್ಟು ಸಡಿಲಿಸಿದ ಮೇಲೆ ಭೀಮ ಟ್ರಾಟ್‌ಗೆ ವಾಪಸ್ ಬಂದ. ಟ್ರಾಟ್ ಅಂದರೆ ಎಡ ಮುಂಗಾಲು-ಬಲ ಹಿಂಗಾಲು, ಬಲ ಮುಂಗಾಲು-ಎಡ ಹಿಂಗಾಲು ಜೋಡಿಯಾಗಿ ಏಳುವ ಆ ಪುಟಪುಟ ಓಟ. ಬೆನ್ನು ಅಲ್ಲಾಡುವುದಿಲ್ಲ, ತಲೆ ನೆಟ್ಟಗೆ, ನೋಡಲೂ ಚೆಂದ.

ಭೀಮನ ವಿಷಯದಲ್ಲಿ ಇನ್ನೊಂದು ಸಣ್ಣ ಮಾತು. ಲ್ಯಾಬ್‌ಗಳಿಗೆ ಹಸಿವು ಜಾಸ್ತಿ ಅನ್ನುವುದು ಬರೀ ತಮಾಷೆಯಲ್ಲ. ಪಿಒಎಂಸಿ ಅನ್ನುವ ಜೀನಿನಲ್ಲಿ ಒಂದು ತುಣುಕು ಕಾಣೆಯಾಗಿರುವುದು ಕೆಲವು ಲ್ಯಾಬ್‌ಗಳ ತೂಕಕ್ಕೂ ತಿಂಡಿಯ ಆಸೆಗೂ ಕಾರಣ ಅಂತ 2016ರಲ್ಲೇ ಪತ್ತೆಯಾಗಿದೆ. ಹಾಗಾಗಿ ಲ್ಯಾಬ್ ತೂಕ ಏರುವುದು ಸಾಮಾನ್ಯ. ಐದು ಕೆಜಿ ಏರಿದರೆ ಚಾರ್ಟ್ ಮುಂದಿನ ಸೈಜ್ ತಗೊಳ್ಳಿ ಅನ್ನುತ್ತದೆ. ಕೊಬ್ಬು ಏರಿದರೆ ಸುತ್ತಳತೆ ಹೆಚ್ಚಬಹುದು, ಎದೆಮೂಳೆ ಉದ್ದ ಆಗುತ್ತಾ? ದೊಡ್ಡ ಸೈಜಿನಲ್ಲಿ ಕಾಲ ನಡುವಿನ ಪಟ್ಟಿಯೂ ಉದ್ದ, ಕುತ್ತಿಗೆಯ ತೂತೂ ದೊಡ್ಡದು. ಎಲ್ಲಾ ಕೆಳಗೆ ಜೋತುಬೀಳುತ್ತದೆ.

ಈಗ ಚಿನ್ನು ವಿಷಯಕ್ಕೆ ಬರೋಣ. ನಾನು ಹಾರ್ನೆಸ್ ತರಿಸಿದ್ದೇ ಅವಳಿಗೆ, ನಿರಾಸೆಯಾದದ್ದೂ ಅವಳ ವಿಷಯದಲ್ಲೇ.

ಡ್ಯಾಶ್‌ಹೌಂಡ್, ಬ್ಯಾಸೆಟ್, ಕಾರ್ಗಿ ಇವುಗಳ ಕಾಲು ಗಿಡ್ಡ ಯಾಕೆ ಅಂತ 2009ರಲ್ಲಿ ಗೊತ್ತಾಯಿತು. ಎಫ್‌ಜಿಎಫ್4 ಅನ್ನುವ ಜೀನಿನ ಒಂದು ಹೆಚ್ಚುವರಿ ಪ್ರತಿ ಇವುಗಳಲ್ಲಿ ಸೇರಿಕೊಂಡಿದೆ, ಅದರಿಂದ ಕಾಲಿನ ಮೂಳೆಗಳ ಬೆಳವಣಿಗೆ ಬೇಗ ನಿಲ್ಲುತ್ತದೆ. ಕಾಲಷ್ಟೇ ಗಿಡ್ಡ, ಎದೆಗೂಡು ಬೆನ್ನು ಎಲ್ಲಾ ಪೂರ್ತಿ ನಾಯಿಯದ್ದೇ. 2017ರಲ್ಲಿ ಅದೇ ಜೀನಿನ ಇನ್ನೊಂದು ಪ್ರತಿ, 12ನೇ ಕ್ರೋಮೋಸೋಮಿನಲ್ಲಿರುವುದು, ಬೆನ್ನೆಲುಬಿನ ಡಿಸ್ಕ್ ಚಿಕ್ಕ ವಯಸ್ಸಲ್ಲೇ ಗಟ್ಟಿಯಾಗಿ ಕೆಡುವುದಕ್ಕೆ ಕಾರಣ ಅಂತ ತಿಳಿಯಿತು. ಡ್ಯಾಶ್‌ಹೌಂಡ್ ಸಾಕಿದವರೆಲ್ಲಾ ಸೋಫಾ ಹತ್ತಬೇಡ ಇಳಿಬೇಡ ಅಂತ ಬಾಯಿ ಬಡಿದುಕೊಳ್ಳುವುದು ಇದಕ್ಕೇ. ಡಿಸ್ಕ್ ತೊಂದರೆ ಕುತ್ತಿಗೆಯಲ್ಲೂ ಬರುತ್ತದೆ, ಹಾಗಾಗಿ ಕಾಲರ್‌ಗೆ ಲೀಶ್ ಸಿಕ್ಕಿಸಿ ಎಳೆಯುವುದಕ್ಕಿಂತ ಹಾರ್ನೆಸ್ ವಾಸಿ. ಅಷ್ಟರ ಮಟ್ಟಿಗೆ ಹಾರ್ನೆಸ್ ಒಳ್ಳೆಯದೇ.

ಆದರೆ ಈ ದೇಹದ ಅಳತೆ ನೋಡಿ. ಎದೆ ಆಳ, ಮುಂಗಾಲುಗಳ ನಡುವೆ ಕೆಳಗೆ ಇಳಿದುಕೊಂಡಿದೆ. ಎದೆಮೂಳೆ ಉದ್ದ, ಪಕ್ಕೆಲುಬು ಹಿಂದಕ್ಕೆ ಬಹಳ ದೂರ ಹೋಗುತ್ತದೆ. ಮೊಣಕೈ ಎದೆಗೆ ಅಂಟಿಕೊಂಡೇ ಓಡಾಡುತ್ತದೆ. ಸ್ಮಾಲ್ ಸೈಜಿನಲ್ಲಿ ಕಾಲ ನಡುವಿನ ಪಟ್ಟಿ ಗಿಡ್ಡ, ಉದ್ದ ಮಾಡಲು ಬರುವುದಿಲ್ಲ. ನಾಲ್ಕು ಕಡೆ ಸಡಿಲ ಮಾಡಬಹುದು ಅಂದೆನಲ್ಲ, ಆ ನಾಲ್ಕರಲ್ಲಿ ಇದೊಂದು ಮಾತ್ರ ಇಲ್ಲ. ಪರಿಣಾಮ, ಸುತ್ತುಪಟ್ಟಿ ಸೀದಾ ಕಂಕುಳಿಗೆ. ಪ್ರತಿ ಹೆಜ್ಜೆಗೂ ಮೊಣಕೈಯ ಹಿಂಭಾಗ ಪಟ್ಟಿಗೆ ಉಜ್ಜುತ್ತದೆ. ಕೆಲವು ದಿನದಲ್ಲೇ ಅಲ್ಲಿ ಕೂದಲು ತೆಳುವಾಗಿ ಚರ್ಮ ಕೆಂಪಗಾಯಿತು. ಹಾರ್ನೆಸ್ ಕೈಲಿ ಹಿಡಿದರೆ ಸಾಕು, ಚಿನ್ನು ಮಂಚದ ಕೆಳಗೆ.

ಅವಳ ಮಟ್ಟಿಗೆ ಇದು ಯಾಕೆ ಇನ್ನೂ ಜಾಸ್ತಿ ಕಷ್ಟ ಅನ್ನುವುದಕ್ಕೆ ಒಂದು ಚೆಂದದ ಲೆಕ್ಕ ಇದೆ. 19ನೇ ಶತಮಾನದಲ್ಲಿ ಹಡಗಿನ ಎಂಜಿನಿಯರ್ ವಿಲಿಯಂ ಫ್ರೌಡ್ ಸಣ್ಣ ಮಾದರಿ ಹಡಗನ್ನು ದೊಡ್ಡ ಹಡಗಿಗೆ ಹೋಲಿಸಲು ಒಂದು ಸಂಖ್ಯೆ ಬಳಸಿದ. ಆಮೇಲೆ ಮೆಕ್‌ನೀಲ್ ಅಲೆಕ್ಸಾಂಡರ್ ಅನ್ನುವ ಪ್ರಾಣಿವಿಜ್ಞಾನಿ ಅದನ್ನೇ ಪ್ರಾಣಿಗಳ ನಡಿಗೆಗೆ ಅನ್ವಯಿಸಿದ. ವೇಗದ ವರ್ಗವನ್ನು ಕಾಲಿನ ಎತ್ತರ ಮತ್ತು ಗುರುತ್ವದ ಗುಣಲಬ್ಧದಿಂದ ಭಾಗಿಸಿದರೆ ಬರುವ ಸಂಖ್ಯೆ ಸುಮಾರು ಅರ್ಧ ಮುಟ್ಟಿದಾಗ, ದೊಡ್ಡದಿರಲಿ ಚಿಕ್ಕದಿರಲಿ, ಪ್ರಾಣಿ ನಡಿಗೆ ಬಿಟ್ಟು ಓಟಕ್ಕೆ ಬರುತ್ತದೆ. ಕಾಲು 16 ಸೆಂಟಿಮೀಟರ್ ಇದ್ದರೆ ಆ ಬದಲಾವಣೆ ಗಂಟೆಗೆ ಸುಮಾರು 3 ಕಿಲೋಮೀಟರ್ ವೇಗದಲ್ಲೇ. ಕಾಲು 70 ಸೆಂಟಿಮೀಟರ್ ಇದ್ದರೆ ಆರೂವರೆ ದಾಟಬೇಕು. ನಾವು ಮನುಷ್ಯರು ಸಾಧಾರಣವಾಗಿ ನಡೆಯುವುದು 5ರಲ್ಲಿ. ಅಂದರೆ ನಮ್ಮ ಪಕ್ಕದಲ್ಲಿ ಗ್ರೇಹೌಂಡ್ ಆರಾಮಾಗಿ ನಡೆಯುತ್ತಿರುತ್ತದೆ, ಡ್ಯಾಶ್‌ಹೌಂಡ್ ವಾಕಿಂಗ್ ಪೂರ್ತಿ ಓಡುತ್ತಿರುತ್ತದೆ. ನಾವು ಅದನ್ನು ವಾಕಿಂಗ್ ಅಂತಲೇ ಕರೆಯುತ್ತೇವೆ!

ಇದು ಹಾರ್ನೆಸ್‌ಗೆ ಹೇಗೆ ಸಂಬಂಧ ಅಂತೀರಾ? 2019ರಲ್ಲಿ ಪಶುವೈದ್ಯರ ಒಂದು ಪತ್ರಿಕೆಯಲ್ಲಿ ಸಣ್ಣ ಅಧ್ಯಯನ ಬಂತು. ಅಡ್ಡಪಟ್ಟಿಯ ಹಾರ್ನೆಸ್, ‘ವೈ’ ಹಾರ್ನೆಸ್ ಎರಡನ್ನೂ ನಾಯಿಗಳಿಗೆ ಹಾಕಿ ಭುಜದ ಕೀಲು ಎಷ್ಟು ಚಾಚುತ್ತದೆ ಅಂತ ಅಳೆದರು. ಎರಡೂ ಚಾಚುವಿಕೆಯನ್ನು ಕಡಿಮೆ ಮಾಡಿದವು. ತಮಾಷೆ ಏನೆಂದರೆ ‘ಅಡ್ಡಿಪಡಿಸದ’ ಅಂತ ಹೆಸರು ಹೊತ್ತ ‘ವೈ’ ಹಾರ್ನೆಸ್ಸೇ ಅದನ್ನು ಇನ್ನೂ ಜಾಸ್ತಿ ತಗ್ಗಿಸಿತು. ಮತ್ತು ನಡಿಗೆಗಿಂತ ಟ್ರಾಟ್‌ನಲ್ಲಿ ವ್ಯತ್ಯಾಸ ಜಾಸ್ತಿ. ಬೆರಳೆಣಿಕೆಯ ನಾಯಿಗಳ ಅಧ್ಯಯನ, ಅದನ್ನೇ ಹಿಡಿದು ‘ವೈ’ ಕೆಟ್ಟದ್ದು ಅಂತ ತೀರ್ಪು ಕೊಡಲು ಆಗಲ್ಲ, ನಾನೂ ಕೊಡಲ್ಲ. ಆದರೆ ಟ್ರಾಟ್‌ನಲ್ಲಿ ತೊಂದರೆ ಜಾಸ್ತಿ ಅನ್ನುವುದನ್ನೂ, ಗಿಡ್ಡ ಕಾಲಿನವು ಇಡೀ ಹೊತ್ತು ಟ್ರಾಟ್‌ನಲ್ಲೇ ಇರುತ್ತವೆ ಅನ್ನುವುದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಯಾವ ದೇಹಕ್ಕೆ ಪಟ್ಟಿ ಅತ್ಯಂತ ಕರಾರುವಾಕ್ಕಾಗಿ ಕೂರಬೇಕೋ ಅದೇ ದೇಹವನ್ನು ಈ ಕಂಪನಿ ‘ಸ್ಮಾಲ್’ ಅಂತ ಒಂದೇ ಮಾತಲ್ಲಿ ಮುಗಿಸಿದೆ.

ಮಿಂಚುವಿನ ಕಥೆ ಬೇರೆ. ಗ್ರೇಹೌಂಡ್ ಓಡುವುದು ನೋಡಿದ್ದೀರಲ್ವಾ? ಗಂಟೆಗೆ 60 ಕಿಲೋಮೀಟರ್ ದಾಟುತ್ತದೆ. ಒಂದು ಸುತ್ತಿನ ಹೆಜ್ಜೆಯಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ, ಒಮ್ಮೆ ಮೈ ಪೂರ್ತಿ ಚಾಚಿದಾಗ, ಇನ್ನೊಮ್ಮೆ ಕಾಲುಗಳೆಲ್ಲಾ ಹೊಟ್ಟೆಯಡಿ ಒಟ್ಟಾದಾಗ. ಬೆನ್ನು ಬಿಲ್ಲಾಗಿ ಬಗ್ಗಿ ನೆಟ್ಟಗಾಗುತ್ತದೆ. ಹಾರ್ನೆಸ್‌ನ ಬೆನ್ನಿನ ಮೇಲಿರುವ ಆ ದಪ್ಪ ಹಿಡಿಕೆ ಈ ಬಗ್ಗುವಿಕೆಗೆ ಅಡ್ಡ ಬರಬಹುದು ಅಂತ ಅನುಮಾನವಿತ್ತು. ಬರಲಿಲ್ಲ. ಬಗ್ಗುವುದು ಬಹುಪಾಲು ಪಕ್ಕೆಲುಬು ಮುಗಿದ ಮೇಲಿನ ಸೊಂಟದ ಭಾಗ, ಹಿಡಿಕೆ ಇರುವುದು ಎದೆಗೂಡಿನ ಮೇಲೆ.

ಹೆಗಲೂ ಸಮಸ್ಯೆಯಲ್ಲ. ಸಮಸ್ಯೆ ಏನೆಂದರೆ ನಾಯಿಯೇ ಹಾರ್ನೆಸ್‌ನಿಂದ ಹೊರಗೆ ಬರುತ್ತದೆ. ಆಳವಾದ ಕಿರಿದಾದ ಎದೆ, ಅದರ ಹಿಂದೆ ಒಮ್ಮೆಲೇ ಒಳಸರಿದ ಹೊಟ್ಟೆ, ಉದ್ದ ಕುತ್ತಿಗೆ, ಕುತ್ತಿಗೆಯಷ್ಟೂ ಅಗಲವಿಲ್ಲದ ತಲೆ. ಎದೆಗೆ ಸರಿಯಾಗುವ ಸೈಜ್ ತಗೊಂಡರೆ ಕುತ್ತಿಗೆಯ ತೂತು ದೊಡ್ಡದು. ಏನೋ ಸದ್ದಿಗೆ ಬೆದರಿ ಮಿಂಚು ಹಿಂದಕ್ಕೆ ಹೆಜ್ಜೆ ಹಾಕಿ, ತಲೆ ತಗ್ಗಿಸಿ, ಮೊಣಕೈ ಮಡಿಸಿ ಜಾರಿಸಿಕೊಂಡಳು ಅಷ್ಟೇ, ಹಾರ್ನೆಸ್ ನೆಲದ ಮೇಲೆ. ಗೇಟು ಮುಚ್ಚಿದ್ದರಿಂದ ಬಚಾವ್. ಇಂಥ ದೇಹಕ್ಕೆ ಹೊಟ್ಟೆ ಸಣ್ಣಗಾಗುವ ಕಡೆ ಇನ್ನೊಂದು ಸುತ್ತುಪಟ್ಟಿ ಇರುವ ಹಾರ್ನೆಸ್ಸೇ ಬೇಕು, ಹಿಂದಿನ ಪಟ್ಟಿ ಎದೆಗೂಡಿನ ದಪ್ಪ ಭಾಗ ದಾಟಿ ಬರಲ್ಲ. ಕಾಲರ್ ಹಾಕುವುದಾದರೂ ಎಳೆದಾಗ ಮಾತ್ರ ಸ್ವಲ್ಪ ಬಿಗಿಯಾಗುವ ಅಗಲ ಕಾಲರ್ ಹಾಕಬೇಕು. ಗ್ರೇಹೌಂಡ್ ಸಾಕಿದವರಿಗೆ ಇದೆಲ್ಲಾ ಹಳೇ ವಿಷಯ. ‘ಎಲ್ಲಾ ತಳಿಗೂ’ ಅಂತ ಬರೆದವರಿಗೆ ಮಾತ್ರ ಹೊಸದು.

ಗುಂಡನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ತಲೆಯ ಮೇಲಿಂದ ತೂರಿಸಲು ಕುತ್ತಿಗೆಯ ಪಟ್ಟಿ ಪೂರ್ತಿ ಸಡಿಲಿಸಬೇಕು, ಮತ್ತೆ ಬಿಗಿಯಬೇಕು, ಅವನಿಗೂ ಬೇಜಾರು ನಮಗೂ ಬೇಜಾರು. ಕುತ್ತಿಗೆಯಲ್ಲೂ ಬಕಲ್ ಕೊಟ್ಟಿದ್ದರೆ ಮುಗಿಯುತ್ತಿತ್ತು. ಅಗಲ ಎದೆಯ ಚಪ್ಪಟೆ ಮೂತಿಯ ನಾಯಿಗಳು ನಡೆಯುವಾಗ ಮೈ ಅತ್ತಿತ್ತ ಉರುಳಾಡುತ್ತದೆ. ಬೇರೆ ನಾಯಿಗಳು ವೇಗ ಹೆಚ್ಚಿದ ಹಾಗೆ ನಾಲ್ಕೂ ಕಾಲನ್ನು ದೇಹದ ನಡುಗೆರೆಯ ಕೆಳಗೆ ತರುತ್ತವೆ, ಇವಕ್ಕೆ ಎದೆಯ ಅಗಲ ಅಷ್ಟು ಬಿಡುವುದಿಲ್ಲ. ಆ ಉರುಳಾಟಕ್ಕೆ ಹಾರ್ನೆಸ್ ಒಂದು ಬದಿಗೆ ತಿರುಗಿಕೊಂಡು ಕೂರುತ್ತದೆ, ಆಗಾಗ ನಿಂತು ಸರಿಮಾಡಬೇಕು. ಆದರೂ ಇವಕ್ಕೆ ಕಾಲರ್ ಎಳೆತ ಒಳ್ಳೆಯದಲ್ಲ, ಉಸಿರಿನ ದಾರಿ ಮೊದಲೇ ಕಿರಿದು. ಕಾಲರ್ ಹಾಕಿ ಎಳೆದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಹಾರ್ನೆಸ್‌ನಲ್ಲಿ ಹಾಗೆ ಏರಲಿಲ್ಲ ಅಂತಲೂ 2006ರ ಒಂದು ಅಧ್ಯಯನ ತೋರಿಸಿದೆ. ಪಗ್ ಕಣ್ಣು ಗೊತ್ತಲ್ಲ.

ಎದೆಯ ಮುಂದಿನ ಉಂಗುರದ ಬಗ್ಗೆ ಒಂದು ಮಾತು. ಎಳೆಯುವ ನಾಯಿಗೆ ಅದು ಉಪಯೋಗಕ್ಕೆ ಬರುತ್ತದೆ, ಎಳೆದ ತಕ್ಷಣ ಎದೆ ಪಕ್ಕಕ್ಕೆ ತಿರುಗುವುದರಿಂದ ಬಲ ಹಾಕಲು ಆಗಲ್ಲ. ಭೀಮನಂಥವನಿಗೆ ಕಲಿಸುವ ತನಕ ಸರಿ. ಆದರೆ ಲೀಶ್ ಸದಾ ಒಂದೇ ಬದಿಗೆ ಎಳೆಯುತ್ತಿದ್ದರೆ ಆ ಬದಿಯ ಪಟ್ಟಿ ಹೆಗಲ ಮೇಲೆ ಬರುತ್ತದೆ, ಇನ್ನೊಂದು ಬದಿ ಸಡಿಲವಾಗುತ್ತದೆ, ಹೆಜ್ಜೆ ಓರೆಯಾಗುತ್ತದೆ. ಸ್ಲೋ ಮೋಷನ್‌ನಲ್ಲಿ ಇದು ಸ್ಪಷ್ಟ ಕಾಣುತ್ತದೆ. ಉದ್ದ ಬೆನ್ನಿನ ಚಿನ್ನುಗೆ ನಾನು ಮುಂದಿನ ಉಂಗುರ ಬಳಸುವುದೇ ಇಲ್ಲ.

ನೀವು ಯಾವ ಕಂಪನಿಯದ್ದೇ ತಂದರೂ ಚೀಟಿ ಕೀಳುವ ಮುಂಚೆ ಮನೆಯಲ್ಲೇ ನೋಡಬಹುದು. ನಾಯಿಯ ಪಾದ ಒದ್ದೆ ಮಾಡಿ, ಒಣ ಸಿಮೆಂಟ್ ನೆಲದ ಮೇಲೆ, ಮೊದಲು ಹಾರ್ನೆಸ್ ಇಲ್ಲದೆ, ಆಮೇಲೆ ಹಾಕಿ, ಒಂದೇ ವೇಗದಲ್ಲಿ ಟ್ರಾಟ್ ಮಾಡಿಸಿ. ಭೀಮನ ಹಿಂಗಾಲಿನ ಗುರುತು ಸಾಮಾನ್ಯವಾಗಿ ಮುಂಗಾಲಿನ ಗುರುತಿನ ಮೇಲೆ ಅಥವಾ ಹತ್ತಿರ ಬೀಳುತ್ತದೆ. ಬಿಗಿಯಾಗಿ ಕಟ್ಟಿದಾಗ ಹೆಜ್ಜೆ ಮೊಟಕಾಗಿದ್ದು ನೆಲದ ಮೇಲೇ ಕಂಡಿತು. ಗುರುತು ಎಲ್ಲಿ ಬೀಳಬೇಕು ಅನ್ನುವುದಕ್ಕೆ ಎಲ್ಲಾ ನಾಯಿಗೂ ಒಂದೇ ನಿಯಮ ಇಲ್ಲ, ಬೆನ್ನು ಉದ್ದ ಇದ್ದರೆ ಹಿಂದೆ, ಜರ್ಮನ್ ಶೆಫರ್ಡ್ ಥರ ದೂರ ಚಾಚುವ ನಾಯಿಯಾದರೆ ಮುಂದೆ ಬೀಳಬಹುದು. ನಿಮ್ಮ ನಾಯಿಯನ್ನು ಅದರದ್ದೇ ಬರಿಮೈ ನಡಿಗೆಗೆ ಹೋಲಿಸಿ. ವಿಡಿಯೋ ಹಿಡಿಯುವಾಗ ಫೋನನ್ನು ನಾಯಿಯ ಎತ್ತರಕ್ಕೆ ಇಳಿಸಿ, ಪಕ್ಕದಿಂದ ಹಿಡಿಯಿರಿ. ಮುಂಗಾಲು ಊರಿದಾಗ ತಲೆ ಮೇಲಕ್ಕೆ ಹಾರಿದರೆ ಅದು ಹಾರ್ನೆಸ್ ವಿಷಯ ಇರಲಿಕ್ಕಿಲ್ಲ, ಆ ಕಾಲಲ್ಲಿ ನೋವಿರಬಹುದು, ಡಾಕ್ಟರಿಗೆ ತೋರಿಸಿ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದೆ. ‘ನಾಯಿ ತೂಕ ಎಷ್ಟು ಮೇಡಂ?’ ಅಂತ ಕೇಳಿದರು. ತೂಕ ಬೇಡಪ್ಪಾ, ಎದೆಮೂಳೆಯ ತುದಿಯಿಂದ ಮೊಣಕೈ ಹಿಂದಿನ ತನಕ ಎಷ್ಟು ಉದ್ದ ಅಂತ ಹೇಳ್ತೀನಿ, ಯಾವ ಸೈಜಿನಲ್ಲಿ ಆ ಪಟ್ಟಿ ಅಷ್ಟಿದೆ ನೋಡಿ ಹೇಳಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ನಮ್ಮ ಸಿಸ್ಟಮ್‌ನಲ್ಲಿ ಇಲ್ಲ ಮೇಡಂ’ ಅಂದರು. ಪಾಪ, ಹುಡುಗನ ತಪ್ಪಲ್ಲ. ಚಾರ್ಟ್ ಮಾಡಿದವರು ಅಳೆದಿದ್ದರೆ ತಾನೆ ಸಿಸ್ಟಮ್‌ನಲ್ಲಿ ಇರುವುದು. ಚಿನ್ನುವಿನದ್ದನ್ನು ವಾಪಸ್ ತಗೊಂಡರು, ಅದಕ್ಕೆ ಒಂದು ಅಂಕ ಜಾಸ್ತಿ ಕೊಡುತ್ತೇನೆ. ಒಟ್ಟು 5ಕ್ಕೆ 3. ಲ್ಯಾಬ್, ರಿಟ್ರೀವರ್, ಅಥವಾ ಅಂಥದೇ ಮಧ್ಯಮ ಮೈಕಟ್ಟಿನ ಯಾವುದೇ ನಾಯಿ ಇದ್ದರೆ 4 ಅಂತಲೇ ಓದಿಕೊಳ್ಳಿ, ಧೈರ್ಯವಾಗಿ ತಗೊಳ್ಳಿ. ಗ್ರೇಹೌಂಡ್ ಥರದ್ದು ಇದ್ದರೆ ಬೇಡವೇ ಬೇಡ.

ಎರಡು ಸೈಜಿನ ಮಧ್ಯೆ ಬಂದರೆ ಯಾವುದು ಅಂತ ಕೇಳುವವರಿಗೆ: ಎದೆಯ ಸುತ್ತಳತೆ ಎರಡರಲ್ಲೂ ಆಗುತ್ತಿದ್ದರೆ, ಪಟ್ಟಿಗಳು ಸೇರುವ ಜಾಗ ಯಾವುದರಲ್ಲಿ ಎದೆಮೂಳೆಯ ತುದಿಗೆ ಹತ್ತಿರ ಕೂರುತ್ತದೋ ಅದು. ಎರಡನ್ನೂ ತರಿಸಿ ಒಂದು ವಾಪಸ್ ಕಳಿಸಿ. ಉದ್ದ ಉಳಿದ ಪಟ್ಟಿಯ ತುದಿಯನ್ನು ಮಾತ್ರ ಆತುರಕ್ಕೆ ಕತ್ತರಿಸಬೇಡಿ, ಕತ್ತರಿಸಿದರೆ ವಾಪಸ್ ತಗೊಳ್ಳಲ್ಲ.